ಗುಲಾಬಿಯ ಮೇಲೆ ಬಂದ ಅಪವಾದ

ಬಲ್ಖ್‌ನ ಅಬೂ ಝೈದ್ ಅಲ್ ಬಲ್ಖಿ ಭೂಗೋಳಶಾಸ್ತ್ರ ಬಲ್ಲವರು, ತತ್ವಜ್ಞಾನಿ. ದೇಹದ ಆರೋಗ್ಯದ ಜೊತೆಗೆ ಮನಸ್ಸಿನ ಆರೋಗ್ಯದ ಕುರಿತೂ ಒಂದು ಗ್ರಂಥ ಬರೆದವರು. ಇಷ್ಟೆಲ್ಲ ಬಲ್ಲವರಿಗೆ ತಮ್ಮದೇ ಮೂಗಿನ ಗುಟ್ಟು ತಿಳಿಯಲಿಲ್ಲ. ವಸಂತ ಬಂದು ಗುಲಾಬಿ ಅರಳಿತೆಂದರೆ ಸಾಕು, ಅವರಿಗೆ ನೆಗಡಿ ಹಿಡಿಯುತ್ತಿತ್ತು. ಅದೇ ಕಾಲದಲ್ಲಿ ರಯ್ ನಗರದಲ್ಲಿ ಹುಟ್ಟಿ ಬೆಳೆದ ಮಹಾವೈದ್ಯ ಅಬೂ ಬಕರ್ ಮುಹಮ್ಮದ್ ಬಿನ್ ಝಕರಿಯ್ಯಾ ಅಲ್ ರಾಝಿ ಇದನ್ನು ಕುರಿತು ಒಂದು ಪುಟ್ಟ ಪ್ರಬಂಧವನ್ನೇ ಬರೆದರು. ವಸಂತಕಾಲದಲ್ಲಿ ಗುಲಾಬಿ ಮೂಸಿದಾಗ ಅಬೂ ಝೈದ್ ಬಲ್ಖಿಯವರಿಗೆ ನೆಗಡಿಯಾಗುವುದೇಕೆ ಎಂಬುದೇ ಅದರ ತಲೆಬರಹ. ರಾಝಿ ತೀರಿಕೊಂಡದ್ದು ಕ್ರಿ.ಶ. 925ರಲ್ಲಿ. ಅಂದರೆ ಈ ಪ್ರಬಂಧಕ್ಕೆ ಈಗ ಸಾವಿರದ ನೂರು ವರ್ಷಗಳ ಆಸುಪಾಸು.

ಫಾರಸಿ ಸೀಮೆಯಲ್ಲಿ ಗುಲಾಬಿಯ ಮೇಲೆ ದೂರು ಹೊರಿಸುವುದು ಸಣ್ಣ ಮಾತಲ್ಲ. ಬುಲ್‌ಬುಲ್ ಹಕ್ಕಿ ಪ್ರಾಣ ಬಿಡುವ ಹೂವದು. ಸಿಡುಬಿಗೂ ದಡಾರಕ್ಕೂ ಇರುವ ವ್ಯತ್ಯಾಸವನ್ನು ವಿವರವಾಗಿ ಬರೆದಿಟ್ಟ ರಾಝಿಯವರಿಗೆ ಕವಿಗಳ ಮುಲಾಜು ಇರಲಿಲ್ಲ. ಅವರು ಕೊಟ್ಟ ವಿವರಣೆ ಗ್ರೀಕರಿಂದ ಬಂದ ದೇಹರಸಗಳ ಸಿದ್ಧಾಂತದ್ದು, ಅದು ಇಂದು ನಿಲ್ಲುವುದಿಲ್ಲ. ಆದರೆ ಒಬ್ಬ ಮನುಷ್ಯ, ಒಂದು ಋತು, ಒಂದು ಹೂವು, ಒಂದು ನೆಗಡಿ ಇವಿಷ್ಟನ್ನೂ ಒಂದೇ ದಾರದಲ್ಲಿ ಪೋಣಿಸಿದ ಕಣ್ಣು ಇದೆಯಲ್ಲ, ಅದು ಇಂದಿಗೂ ಅಲರ್ಜಿ ವೈದ್ಯರಿಗೆ ಬೇಕಾದ ಕಣ್ಣೇ. ಊರಿಗೆಲ್ಲ ಇಂಪಾದ ಹೂವು ಒಬ್ಬರಿಗೆ ಮಾತ್ರ ಏಕೆ ಒಗ್ಗುವುದಿಲ್ಲ ಎಂಬ ಪ್ರಶ್ನೆಯನ್ನು ಅವರು ಗಂಭೀರವಾಗಿ ಕೇಳಿಕೊಂಡರು.

ಗುಲಾಬಿ ನಿಜವಾಗಿಯೂ ತಪ್ಪಿತಸ್ಥನೇ? ಇರಲಾರದು ಎನ್ನುತ್ತದೆ ಈಗಿನ ತಿಳುವಳಿಕೆ. ಗುಲಾಬಿಯ ಪರಾಗ ಭಾರವಾದದ್ದು, ಜೇನುಹುಳದ ಕಾಲಿಗೆ ಅಂಟಿಕೊಂಡು ಹೋಗುವಂಥದ್ದು. ಗಾಳಿಯಲ್ಲಿ ಮೈಲುಗಟ್ಟಲೆ ತೇಲುವುದು ಹುಲ್ಲಿನ ಮತ್ತು ಕೆಲವು ಮರಗಳ ಹಗುರ ಪರಾಗ. ಅವು ಅರಳುವುದೂ ಬಹಳ ಕಡೆ ಗುಲಾಬಿಯ ಕಾಲದಲ್ಲೇ. ಕಣ್ಣಿಗೆ ಕಂಡದ್ದು ಕೆಂಪು ಹೂವು, ಮೂಗಿಗೆ ಹೊಕ್ಕಿದ್ದು ಕಾಣದ ಹುಡಿ. ಹದಿನಾರನೆಯ ಶತಮಾನದಲ್ಲಿ ಇಟಲಿಯ ವೈದ್ಯ ಲಿಯೊನಾರ್ಡೊ ಬೊಟಾಲ್ಲೊ ಕೂಡ ಇದೇ ಹೂವಿನ ಮೇಲೆ ಇದೇ ದೂರು ದಾಖಲಿಸಿದರು. ಈ ಕಾಯಿಲೆಯ ಇತಿಹಾಸವನ್ನು ಓದುತ್ತ ಹೋದಂತೆ ನಮಗೆ ಕಾಣುವುದು ಹೀಗೆ ಸಿಕ್ಕಿಬೀಳುತ್ತ ಹೋದ ಸುಳ್ಳು ಆರೋಪಿಗಳ ಸಾಲು.

ನೆಗಡಿಯ ಅಣ್ಣ ಉಬ್ಬಸ. ಕನ್ನಡದಲ್ಲಿ ಅದಕ್ಕೆ ಗೂರಲು, ದಮ್ಮು, ಉಬ್ಬಸ ಎಂದು ಎಷ್ಟೊಂದು ಹೆಸರುಗಳು! ದಮ್ಮು ಎಂಬುದು ಉರ್ದುವಿನ ದಮಾ. ಫಾರಸಿಯಲ್ಲಿ ದಮ್ ಎಂದರೆ ಉಸಿರು. ಉಸಿರಿನ ಹೆಸರನ್ನೇ ಉಸಿರು ಕಟ್ಟುವ ರೋಗಕ್ಕೆ ಇಟ್ಟಿದ್ದಾರೆ. ಗ್ರೀಕರ ಅಸ್ತಮಾ ಶಬ್ದಕ್ಕೂ ಏದುಸಿರು ಎಂದೇ ಅರ್ಥ. ಅರಬರು ಇದನ್ನು ರಬ್ವ್ ಎಂದರು. ನಮ್ಮ ಚರಕ ಸಂಹಿತೆಯಲ್ಲಿ ಐದು ಬಗೆಯ ಶ್ವಾಸರೋಗಗಳಿದ್ದು ಅವುಗಳಲ್ಲಿ ತಮಕ ಶ್ವಾಸ ಎಂಬುದು ಇಂದಿನ ಅಸ್ತಮಾಕ್ಕೆ ಬಹಳ ಹತ್ತಿರ. ಮಲಗಿದರೆ ಹೆಚ್ಚುತ್ತದೆ, ಕುಳಿತರೆ ತುಸು ಹಾಯೆನಿಸುತ್ತದೆ ಎಂಬ ಅಲ್ಲಿನ ವಿವರ, ಗೋಡೆಗೆ ದಿಂಬು ಆನಿಸಿಕೊಂಡು ರಾತ್ರಿ ಕಳೆಯುವವರನ್ನು ಕಂಡವರೇ ಬರೆದದ್ದು.

ಹನ್ನೆರಡನೆಯ ಶತಮಾನದ ಕೊನೆಯಲ್ಲಿ ಕೈರೋದಲ್ಲಿದ್ದ ಮೂಸಾ ಬಿನ್ ಮೈಮೂನ್ ಅರಬಿಯಲ್ಲಿ ಬರೆದ ಉಬ್ಬಸದ ಗ್ರಂಥವನ್ನು ಇಲ್ಲಿ ನೆನೆಯಬೇಕು. ಯುರೋಪ್ ಇವರನ್ನು ಮೈಮೊನಿಡಿಸ್ ಎಂದು ಕರೆಯುತ್ತದೆ. ಸ್ಪೇನಿನ ಕಾರ್ಡೊಬಾದಲ್ಲಿ ಹುಟ್ಟಿದ ಯಹೂದಿ ಧರ್ಮಪಂಡಿತರು, ಸುಲ್ತಾನ್ ಸಲಾಹುದ್ದೀನರ ವಜೀರರ ವೈದ್ಯರು. ಉಬ್ಬಸದಿಂದ ಬಳಲುತ್ತಿದ್ದ ಒಬ್ಬ ಗಣ್ಯ ರೋಗಿಗಾಗಿ ಬರೆದ ಹದಿಮೂರು ಅಧ್ಯಾಯಗಳ ಈ ಗ್ರಂಥದಲ್ಲಿ ಮಾಂತ್ರಿಕ ಮದ್ದು ಯಾವುದೂ ಇಲ್ಲ. ಮಿತವಾಗಿ ತಿನ್ನು, ಕೋಳಿಯ ಸಾರು ಕುಡಿ, ನಿದ್ದೆ ನೋಡಿಕೋ, ಮನಸ್ಸನ್ನು ಕದಡಿಸಿಕೊಳ್ಳಬೇಡ ಎಂಬಂಥ ಮಾತುಗಳೇ ಹೆಚ್ಚು. ನಗರದ ಗಾಳಿಯ ಬಗ್ಗೆ ಅವರು ಬರೆದದ್ದನ್ನಂತೂ ಇಂದಿನ ಯಾವ ಮಹಾನಗರ ಪಾಲಿಕೆಯ ಬಾಗಿಲಿಗೂ ಅಂಟಿಸಬಹುದು. ಎತ್ತರದ ಕಟ್ಟಡಗಳು, ಇಕ್ಕಟ್ಟಾದ ಬೀದಿಗಳು, ಜನರು ಎಸೆದ ಕೊಳಕು ಇವೆಲ್ಲ ಸೇರಿ ಗಾಳಿ ಮಂದವಾಗಿ ಕೆಡುತ್ತದೆ, ಸಾಧ್ಯವಾದರೆ ಊರ ಹೊರಗೆ ತೆರೆದ ಜಾಗದಲ್ಲಿ ಮನೆ ಮಾಡು ಎಂಬುದು ಅವರ ಸಲಹೆಯ ತಿರುಳು. ಮುಸ್ಲಿಮ್ ಆಳ್ವಿಕೆಯ ನಗರದಲ್ಲಿ, ಅರಬಿ ಭಾಷೆಯಲ್ಲಿ, ಯಹೂದಿ ವೈದ್ಯರೊಬ್ಬರು ಗ್ರೀಕರ ಗ್ಯಾಲೆನ್‌ನನ್ನು ಆಧಾರವಾಗಿಟ್ಟುಕೊಂಡು ಬರೆದ ಪುಸ್ತಕ ಇದು. ಇಂದು ಆ ಪ್ರದೇಶದ ಸುದ್ದಿ ಓದುವಾಗ ಇದನ್ನು ನೆನಪಿಟ್ಟುಕೊಳ್ಳುವುದು ಕಷ್ಟ.

ಮುಂದಿನ ಆರು ಶತಮಾನಗಳನ್ನು ಬೇಗ ದಾಟಬಹುದು. 1819ರಲ್ಲಿ ಲಂಡನ್ನಿನ ವೈದ್ಯ ಜಾನ್ ಬೊಸ್ಟಾಕ್ ಪ್ರತಿ ಬೇಸಿಗೆಯಲ್ಲೂ ಕಣ್ಣು ತುರಿಸಿ, ಸೀನು ಬಂದು, ಎದೆ ಬಿಗಿಯುವ ಒಬ್ಬ ರೋಗಿಯ ವೃತ್ತಾಂತವನ್ನು ವೈದ್ಯರ ಸಂಘದ ಮುಂದೆ ಓದಿದರು. ಆ ರೋಗಿ ಅವರೇ. ಒಂಬತ್ತು ವರ್ಷ ಹುಡುಕಿ ಅಂಥ ಇನ್ನೂ 28 ಪ್ರಕರಣಗಳನ್ನು ಕಲೆಹಾಕಿದರು. ಅಷ್ಟು ಅಪರೂಪ ಆಗಿತ್ತು ಈ ರೋಗ! ಜನ ಒಣಹುಲ್ಲಿನ ಮೇಲೆ ತಪ್ಪು ಹೊರಿಸಿ ಇದನ್ನು ಹುಲ್ಲುಜ್ವರ ಎಂದು ಕರೆದರು. ಬೊಸ್ಟಾಕ್ ಅದನ್ನು ಒಪ್ಪದೆ ಬಿಸಿಲನ್ನು ದೂರಿದರು. ಇಬ್ಬರದೂ ಸರಿಯಲ್ಲ, ಇದರಲ್ಲಿ ಜ್ವರವೂ ಇಲ್ಲ.

ನಿಜವಾದ ಆರೋಪಿಯನ್ನು ಹಿಡಿದವರು ಮ್ಯಾಂಚೆಸ್ಟರಿನ ಚಾರ್ಲ್ಸ್ ಬ್ಲ್ಯಾಕ್ಲಿ. ಅವರೂ ಈ ಕಾಯಿಲೆಯ ರೋಗಿಯೇ. ಹುಲ್ಲಿನ ಪರಾಗವನ್ನು ತಮ್ಮದೇ ಮೂಗಿಗೆ ಏರಿಸಿಕೊಂಡು, ತಮ್ಮದೇ ತೋಳಿನ ಚರ್ಮ ಕೆರೆದು ಅದಕ್ಕೆ ಸವರಿಕೊಂಡು ನೋಡಿದರು. ಗಂದೆ ಎದ್ದಿತು. ಇಂದು ಅಲರ್ಜಿ ಕ್ಲಿನಿಕ್ಕುಗಳಲ್ಲಿ ಮುಂಗೈ ಮೇಲೆ ಹನಿ ಹಾಕಿ ಚುಚ್ಚಿ ನೋಡುತ್ತಾರಲ್ಲ, ಅದರ ಮೂಲ ಇಲ್ಲಿದೆ. ಅಷ್ಟಕ್ಕೇ ಬಿಡದೆ ಅಂಟು ಬಳಿದ ಗಾಜಿನ ತುಂಡುಗಳನ್ನು ಗಾಳಿಪಟಕ್ಕೆ ಕಟ್ಟಿ ಸಾವಿರ ಅಡಿಗೂ ಮೇಲೆ ಹಾರಿಸಿ, ಅಲ್ಲಿಯೂ ಪರಾಗ ತೇಲುತ್ತಿರುವುದನ್ನು ತೋರಿಸಿದರು. 1873ರಲ್ಲಿ ಇದೆಲ್ಲ ಪುಸ್ತಕವಾಗಿ ಬಂತು. ಆ ಪುಸ್ತಕದಲ್ಲಿ ಅವರನ್ನು ಕಾಡಿದ ಒಂದು ಒಗಟೂ ಇದೆ. ಹಗಲೆಲ್ಲ ಪರಾಗದಲ್ಲೇ ಮುಳುಗಿರುವ ರೈತರಿಗೆ ಈ ಕಾಯಿಲೆ ಬರುವುದು ತೀರಾ ಕಡಿಮೆ, ಬರುವುದೆಲ್ಲ ಓದಿದ ಪಟ್ಟಣಿಗರಿಗೆ. ಇದು ಏಕೆ? ಈ ಪ್ರಶ್ನೆಗೆ ಉತ್ತರ ಸಿಗತೊಡಗಿದ್ದು ನೂರು ವರ್ಷಗಳ ಮೇಲೆ.

ಅಷ್ಟರಲ್ಲಿ ಗುಲಾಬಿ ಮತ್ತೊಮ್ಮೆ ಕಟಕಟೆ ಹತ್ತಿತು. 1886ರಲ್ಲಿ ಅಮೆರಿಕದ ಬಾಲ್ಟಿಮೋರಿನ ವೈದ್ಯ ಜಾನ್ ಮೆಕೆಂಝಿ, ಗುಲಾಬಿ ಕಂಡರೆ ಸೀನುತ್ತಿದ್ದ ಮಹಿಳೆಯೊಬ್ಬರ ಮುಂದೆ ಒಂದು ಕೃತಕ ಗುಲಾಬಿಯನ್ನು ಹಿಡಿದರು. ಆಕೆಗೆ ಮೂಗು ಕಟ್ಟಿ ಸೀನು ಶುರುವಾಯಿತು. ಪ್ರಯೋಗವೇನೋ ಸೊಗಸಾದದ್ದೇ. ಉಸಿರಿಗೂ ಮನಸ್ಸಿಗೂ ನಂಟಿರುವುದು ಸುಳ್ಳಲ್ಲ. ಆದರೆ ಮುಂದಿನ ಪೀಳಿಗೆಗಳು ಇಂಥ ಸುಳಿವುಗಳನ್ನು ಎಳೆದಾಡಿದ ರೀತಿ ಕ್ರೂರವಾದದ್ದು. ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಅಸ್ತಮಾ ಮೂಲತಃ ಮನಸ್ಸಿನ ರೋಗ ಎಂದು ನಂಬಿದ ದೊಡ್ಡ ಪಂಥವೇ ಇತ್ತು. ಮಗುವಿನ ಉಬ್ಬಸ ಎಂದರೆ ತಾಯಿಗಾಗಿ ಹೊರಬರದ ಅಳು ಎಂದು ಮನೋವಿಶ್ಲೇಷಕರು ಬರೆದರು. ಹೀಗೆ ಕೊನೆಗೆ ಆರೋಪಿಯ ಸ್ಥಾನದಲ್ಲಿ ತಾಯಿಯೇ ನಿಂತಳು. ಅಮೆರಿಕದ ಡೆನ್ವರ್ ನಗರದ ಒಂದು ಸಂಸ್ಥೆಯಲ್ಲಿ ಅಸ್ತಮಾ ಮಕ್ಕಳನ್ನು ತಂದೆತಾಯಿಯರಿಂದ ಬೇರ್ಪಡಿಸಿ ವರ್ಷ, ಎರಡು ವರ್ಷ ಇರಿಸಿಕೊಳ್ಳುತ್ತಿದ್ದರು. ಹೆತ್ತವರನ್ನು ಗೆಡ್ಡೆಯಂತೆ ಕತ್ತರಿಸಿ ತೆಗೆಯುವ ಈ ಚಿಕಿತ್ಸೆಗೆ ಶಸ್ತ್ರಕ್ರಿಯೆಯ ಹೆಸರನ್ನು ಹೋಲುವ ಹೆಸರನ್ನೂ ಇಟ್ಟಿದ್ದರು. ಕೆಲವು ಮಕ್ಕಳು ಸುಧಾರಿಸಿದ್ದುಂಟು. ಮನೆಯ ಧೂಳು, ಬೆಕ್ಕು, ಹೊಗೆ ದೂರವಾಗಿ, ಹೊತ್ತಿಗೆ ಸರಿಯಾಗಿ ಔಷಧಿ ಸಿಕ್ಕಿದರೆ ಯಾವ ಮಗುವೂ ಸುಧಾರಿಸೀತು.

ನಮ್ಮ ಮನೆಗಳಲ್ಲಿ ಇದು ನಡೆಯುವುದಿಲ್ಲವೇ? ಮಗುವಿಗೆ ದಮ್ಮು ಬಂತೆಂದರೆ ಮೊದಲ ವಿಚಾರಣೆ ಸೊಸೆಯದು. ಬಾಣಂತನದಲ್ಲಿ ಮೊಸರು ತಿಂದಳು, ಮಗುವಿಗೆ ಬಾಳೆಹಣ್ಣು ಕೊಟ್ಟಳು, ತಲೆಗೆ ನೀರು ಹಾಕಿ ಸರಿಯಾಗಿ ಒರೆಸಲಿಲ್ಲ. ತೀರ್ಪು ಕೊಡುವವರು ಯಾರೂ ಮನೋವಿಶ್ಲೇಷಕರನ್ನು ಓದಿದವರಲ್ಲ.

ಪರಾಗವೇ ಕಾರಣ ಎಂದಾದರೆ ಅದು ವಿಷವೇ? ಉತ್ತರ ಸಮುದ್ರದಿಂದ ಬಂತು. 1901ರಲ್ಲಿ ಮೊನಾಕೊದ ರಾಜಕುಮಾರ ಒಂದನೆಯ ಆಲ್ಬರ್ಟನ ಹಡಗಿನಲ್ಲಿ ಹೊರಟ ಫ್ರೆಂಚ್ ವಿಜ್ಞಾನಿಗಳಾದ ಶಾರ್ಲ್ ರಿಶೆ ಮತ್ತು ಪಾಲ್ ಪೋರ್ಟಿಯೆ ಕಡಲ ಜೀವಿಗಳ ನಂಜನ್ನು ಕುರಿತು ಸಂಶೋಧನೆ ಆರಂಭಿಸಿದರು. ಪ್ಯಾರಿಸ್‌ಗೆ ಮರಳಿದ ಮೇಲೆ ಸಣ್ಣ ಪ್ರಮಾಣದ ನಂಜು ಕೊಟ್ಟು ನಾಯಿಗಳನ್ನು ಅದಕ್ಕೆ ಒಗ್ಗಿಸಲು ನೋಡಿದರು. ನೆಪ್ಚೂನ್ ಎಂಬ ನಾಯಿಗೆ ಮೊದಲ ಸಲ ಏನೂ ಆಗಲಿಲ್ಲ. ಮೂರು ವಾರ ಕಳೆದು ಅಲ್ಪ ಪ್ರಮಾಣವನ್ನೇ ಮತ್ತೆ ಕೊಟ್ಟಾಗ ಅರ್ಧ ಗಂಟೆಯೊಳಗೆ ಸತ್ತುಬಿತ್ತು. ಕಾಪಾಡಬೇಕಾದ ಕಾವಲೇ ಕೊಂದಿತ್ತು. 1906ರಲ್ಲಿ ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ, ದೇಹದ ಇಂಥ ಬದಲಾದ ಪ್ರತಿಕ್ರಿಯೆಗೆ ಅಲರ್ಜಿ ಎಂಬ ಹೊಸ ಶಬ್ದವನ್ನು ಕಟ್ಟಿದರು. ನಮ್ಮ ಸಂತೆಯಲ್ಲೂ ಇಂದು ಓಡಾಡುವ ಈ ಶಬ್ದಕ್ಕೆ ನೂರಿಪ್ಪತ್ತು ವರ್ಷಗಳೂ ತುಂಬಿದ್ದು ಈಚೆಗೆ.

ಮುಂದೆ 1921ರಲ್ಲಿ ಬ್ರೆಸ್ಲಾವಿನ ಇಬ್ಬರು ಗೆಳೆಯ ವೈದ್ಯರ ಕತೆ. ಹೈಂಝ್ ಕುಸ್ಟ್ನರ್‌ಗೆ ಬೇಯಿಸಿದ ಮೀನು ಒಗ್ಗುತ್ತಿರಲಿಲ್ಲ. ಕಾರ್ಲ್ ಪ್ರಾಸ್ನಿಟ್ಸ್‌ಗೆ ಮೀನು ಬಾಧಕವಲ್ಲ. ಪ್ರಾಸ್ನಿಟ್ಸ್ ಗೆಳೆಯನ ರಕ್ತದ ತಿಳಿಯನ್ನು ತಮ್ಮ ಹೊಟ್ಟೆಯ ಚರ್ಮಕ್ಕೆ ಚುಚ್ಚಿಸಿಕೊಂಡು ಮರುದಿನ ಅದೇ ಜಾಗಕ್ಕೆ ಮೀನಿನ ಸಾರ ಹಾಕಿಸಿಕೊಂಡರು. ಅಲ್ಲಿ ಮಾತ್ರ ಗಂದೆ ಎದ್ದಿತು. ಅಲರ್ಜಿ ರಕ್ತದಲ್ಲಿರುವ ಒಂದು ವಸ್ತು ಎಂಬುದು ಖಾತ್ರಿಯಾಯಿತು. ಅದು ಯಾವುದು ಎಂದು ತಿಳಿಯಲು ಮತ್ತೆ 45 ವರ್ಷ ಬೇಕಾಯಿತು. ಜಪಾನಿನ ದಂಪತಿ ಕಿಮಿಶಿಗೆ ಮತ್ತು ತೆರುಕೊ ಇಶಿಝಾಕಾ 1966ರಲ್ಲಿ ಅದನ್ನು ಕಂಡುಹಿಡಿದರು. ಸ್ವೀಡನ್ನಿನ ಯೊಹಾನ್ಸನ್ ಮತ್ತು ಬೆನ್ನಿಕ್ ಬೇರೆ ದಾರಿಯಿಂದ ಅಲ್ಲಿಗೇ ಬಂದರು. 1968ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದಕ್ಕೆ ಇಮ್ಯುನೊಗ್ಲಾಬ್ಯುಲಿನ್-ಇ, ಚುಟುಕಾಗಿ ಐಜಿಇ, ಎಂದು ಹೆಸರಿಟ್ಟಿತು. ಇಶಿಝಾಕಾ ದಂಪತಿ ಕೆಲಸ ಮಾಡುತ್ತಿದ್ದ ಪ್ರಯೋಗಾಲಯ ಎಲ್ಲಿತ್ತು ಗೊತ್ತೇ? ಮಕ್ಕಳನ್ನು ತಾಯಂದಿರಿಂದ ಬೇರ್ಪಡಿಸುತ್ತಿದ್ದ ಡೆನ್ವರಿನ ಅದೇ ಸಂಸ್ಥೆಯಲ್ಲಿ. ತಾಯಿಯನ್ನು ಆರೋಪಮುಕ್ತಳನ್ನಾಗಿಸಿದ ಸಾಕ್ಷ್ಯ ಅಲ್ಲಿಯೇ ದೊರೆಯಿತು.

ಔಷಧಿಯ ಚರಿತ್ರೆಯಲ್ಲಿ ನಮ್ಮ ದಕ್ಷಿಣದ ಪಾಲೂ ಇದೆ. ಉಬ್ಬಸಕ್ಕೆ ದತ್ತೂರಿಯ ಹೊಗೆ ಎಳೆಯುವ ಇಲ್ಲಿನ ರೂಢಿಯನ್ನು ಕಂಡು ಮದರಾಸಿನಲ್ಲಿದ್ದ ಬ್ರಿಟಿಷ್ ಸೇನಾಧಿಕಾರಿ ಜನರಲ್ ಜೆಂಟ್ 1802ರಲ್ಲಿ ಅದನ್ನು ಬ್ರಿಟನ್ನಿಗೆ ಒಯ್ದರು. ಆಮೇಲೆ ಯುರೋಪಿನಲ್ಲಿ ಅಸ್ತಮಾ ಸಿಗರೇಟುಗಳೇ ಮಾರಾಟವಾದವು! ದತ್ತೂರಿ ಪ್ರಾಣ ತೆಗೆಯುವ ವಿಷ, ಯಾರೂ ಪ್ರಯೋಗಕ್ಕೆ ಇಳಿಯಬಾರದು. ಅದರಲ್ಲಿರುವ ಅಟ್ರೊಪಿನ್‌ನ ಸೋದರ ಸಂಬಂಧಿಗಳು ಇಂದು ಶುದ್ಧರೂಪದಲ್ಲಿ ಇನ್‌ಹೇಲರುಗಳಲ್ಲಿವೆ. ಒತ್ತಿದರೆ ಅಳತೆಯಷ್ಟೇ ಮದ್ದು ಚಿಮ್ಮುವ ಇನ್‌ಹೇಲರು ಹುಟ್ಟಿದ್ದು 1956ರಲ್ಲಿ, ಅಮೆರಿಕದ ರೈಕರ್ ಔಷಧ ಸಂಸ್ಥೆಯ ಮುಖ್ಯಸ್ಥರ ಹದಿಮೂರರ ಮಗಳ ಪ್ರಶ್ನೆಯಿಂದ. ಕೂದಲಿಗೆ ಹಾಕುವ ಸ್ಪ್ರೇಯಂತೆ ನನ್ನ ಮದ್ದೂ ಏಕಿರಬಾರದು ಎಂದು ಆಕೆ ಕೇಳಿದ್ದಳಂತೆ.

1960ರ ದಶಕದಲ್ಲಿ ಇದೇ ಅನುಕೂಲ ಮುಳುವಾಯಿತು. ಬ್ರಿಟನ್, ನ್ಯೂಜಿಲೆಂಡ್‌ಗಳಲ್ಲಿ ಉಸಿರುನಾಳ ಹಿಗ್ಗಿಸುವ ತೀಕ್ಷ್ಣ ಇನ್‌ಹೇಲರುಗಳು ಬಂದ ಮೇಲೆ ಅಸ್ತಮಾ ಸಾವುಗಳು ಏರಿದವು. ಕ್ರಮೇಣ ತಿಳಿದದ್ದು ಇಷ್ಟು: ಅಸ್ತಮಾ ಎಂದರೆ ನಾಳ ಬಿಗಿಯುವುದಷ್ಟೇ ಅಲ್ಲ, ಒಳಗಿನ ಉರಿಯೂತ. ಬಿಗಿತ ಸಡಿಲಿಸಿದರೆ ಉಸಿರು ಬರುತ್ತದೆ, ಉರಿ ಒಳಗೇ ಇರುತ್ತದೆ. ಅದನ್ನು ಆರಿಸುವ ಸ್ಟಿರಾಯ್ಡ್ ಇನ್‌ಹೇಲರು 1972ರಲ್ಲಿ ಬಂತು. 2019ರಲ್ಲಿ ಅಂತಾರಾಷ್ಟ್ರೀಯ ಅಸ್ತಮಾ ಮಾರ್ಗಸೂಚಿಯು, ಹದಿಹರೆಯದವರು ಮತ್ತು ದೊಡ್ಡವರು ಯಾರೂ ಕೇವಲ ತಕ್ಷಣ ಹಾಯೆನಿಸುವ ಇನ್‌ಹೇಲರನ್ನು ಮಾತ್ರ ನೆಚ್ಚಿಕೊಳ್ಳಬಾರದು, ಅದರೊಂದಿಗೆ ಸ್ಟಿರಾಯ್ಡ್ ಇರಲೇಬೇಕು ಎಂದು ಹೇಳಿತು. ಐವತ್ತು ವರ್ಷಗಳ ರೂಢಿಯನ್ನು ಬದಲಿಸಿದ ಮಾತಿದು. ನಮ್ಮ ಔಷಧದಂಗಡಿಗಳಲ್ಲಿ ಆ ನೀಲಿ ಇನ್‌ಹೇಲರನ್ನು ಒಂಟಿಯಾಗಿ ಕೊಂಡು ಕಿಸೆಗಿಳಿಸುವವರಿಗೆ ಇದು ಮುಟ್ಟಿದೆಯೇ?

ಈಗ ಬ್ಲ್ಯಾಕ್ಲಿಯ ಒಗಟಿಗೆ ಬರೋಣ. 1989ರಲ್ಲಿ ಡೇವಿಡ್ ಸ್ಟ್ರ್ಯಾಚನ್ ಎಂಬ ಬ್ರಿಟಿಷ್ ಸಂಶೋಧಕರು, 1958ರ ಮಾರ್ಚ್ ತಿಂಗಳ ಒಂದೇ ವಾರದಲ್ಲಿ ಹುಟ್ಟಿದ 17,414 ಮಕ್ಕಳ ದಾಖಲೆಗಳನ್ನು ನೋಡಿ, ಅಣ್ಣ ಅಕ್ಕಂದಿರು ಹೆಚ್ಚಿದ್ದಷ್ಟೂ ಪರಾಗದ ಅಲರ್ಜಿ ಕಡಿಮೆ ಎಂದು ತೋರಿಸಿದರು. ಬಾಲ್ಯದಲ್ಲಿ ಒಬ್ಬರಿಂದೊಬ್ಬರಿಗೆ ಹರಡುವ ಸಣ್ಣಪುಟ್ಟ ಸೋಂಕುಗಳು ದೇಹದ ಕಾವಲನ್ನು ಪಳಗಿಸುತ್ತವೆ ಎಂಬುದು ಅವರ ಊಹೆ. ಅದೇ ವರ್ಷ ಬರ್ಲಿನ್ ಗೋಡೆ ಬಿತ್ತು. ಎರಿಕಾ ಫಾನ್ ಮ್ಯೂಟಿಯಸ್ ಎರಡೂ ಜರ್ಮನಿಗಳ ಮಕ್ಕಳನ್ನು ಹೋಲಿಸಿದರು. ಕಲ್ಲಿದ್ದಲ ಹೊಗೆ ಕುಡಿದ ಪೂರ್ವದ ಲೈಪ್‌ಝಿಗ್‌ನಲ್ಲೇ ಅಲರ್ಜಿ ಹೆಚ್ಚಿರಬೇಕೆಂದು ಎಲ್ಲರ ನಿರೀಕ್ಷೆ. ಫಲಿತಾಂಶ ತಿರುವು ಮುರುವಾಯಿತು. ಪೂರ್ವದಲ್ಲಿ ಕೆಮ್ಮು, ಶ್ವಾಸನಾಳದ ಸೋಂಕು ಹೆಚ್ಚು, ಆದರೆ ಅಲರ್ಜಿ ಹೆಚ್ಚಿದ್ದದ್ದು ಚೊಕ್ಕಟವಾದ, ಸಿರಿವಂತ ಮ್ಯೂನಿಕ್‌ನಲ್ಲಿ.

ಈ ವಿಷಯದಲ್ಲಿ ನಮಗೆ ಅತ್ಯಂತ ಹಿಡಿಸಿದ್ದು 2016ರಲ್ಲಿ ಪ್ರಕಟವಾದ ಒಂದು ಅಧ್ಯಯನ. ಅಮೆರಿಕದ ಆಮಿಶ್ ಮತ್ತು ಹಟರೈಟ್ ಎಂಬ ಎರಡು ಸಮುದಾಯಗಳು ಯುರೋಪಿನಿಂದ ವಲಸೆ ಬಂದ, ಒಂದೇ ಬಗೆಯ ರಕ್ತಸಂಬಂಧದ, ಒಂದೇ ಬಗೆಯ ಊಟ, ಸರಳ ಬದುಕಿನ ಕೃಷಿಕರು. ಆದರೂ ಹಟರೈಟ್ ಮಕ್ಕಳಲ್ಲಿ ಅಸ್ತಮಾ ಶೇ. 21ರಷ್ಟಿದ್ದರೆ ಆಮಿಶ್ ಮಕ್ಕಳಲ್ಲಿ ಶೇ. 5ರಷ್ಟು. ವ್ಯತ್ಯಾಸ ಇಷ್ಟೇ: ಆಮಿಶರದು ಮನೆಗೊಂದು ಹಟ್ಟಿ, ದನ, ಕುದುರೆ. ಕೂಸುಗಳು ಕೊಟ್ಟಿಗೆಯಲ್ಲೇ ಆಡುತ್ತವೆ. ಹಟರೈಟರದು ಯಂತ್ರಗಳ ದೊಡ್ಡ ಸಾಮುದಾಯಿಕ ಹೊಲ, ಮಕ್ಕಳು ಅದರಿಂದ ದೂರ. ಆಮಿಶ್ ಮನೆಗಳ ಧೂಳಿನಲ್ಲಿ ಬ್ಯಾಕ್ಟೀರಿಯಾದ ಅಂಶ ಆರು ಪಟ್ಟಿಗಿಂತ ಹೆಚ್ಚು. ಆ ಧೂಳನ್ನು ಇಲಿಗಳಿಗೆ ಕೊಟ್ಟಾಗ ಅವುಗಳಿಗೆ ಅಸ್ತಮಾದಿಂದ ರಕ್ಷಣೆ ಸಿಕ್ಕಿತು.

ಹಾಗೆಂದು ಕೊಳಕೇ ಮದ್ದು ಎಂದು ಯಾರೂ ತಿಳಿಯಬಾರದು. ಹಟ್ಟಿಯ ಧೂಳೇ ಬೇರೆ, ಚರಂಡಿಯ ನೀರೇ ಬೇರೆ, ಡೀಸೆಲ್ ಹೊಗೆಯೇ ಬೇರೆ. ಬೆಂಗಳೂರಿನ ಮಕ್ಕಳ ಶ್ವಾಸರೋಗ ತಜ್ಞ ಡಾ. ಎಚ್. ಪರಮೇಶ್ ಅವರು ಸುಮಾರು 20 ಸಾವಿರ ಮಕ್ಕಳನ್ನು ಕುರಿತು ಕೊಟ್ಟ ಲೆಕ್ಕದಲ್ಲಿ ಅಸ್ತಮಾದ ಪ್ರಮಾಣ 1979ರಲ್ಲಿ ಶೇ. 9 ಇದ್ದದ್ದು 1999ರ ಹೊತ್ತಿಗೆ ಶೇ. 29.5 ಆಗಿತ್ತು. ಇದು ಆಸ್ಪತ್ರೆಗೆ ಬಂದವರ ಲೆಕ್ಕ, ಇಡೀ ಊರಿನದಲ್ಲ. ಆದರೆ ಆ ಇಪ್ಪತ್ತು ವರ್ಷಗಳಲ್ಲಿ ಊರು ಏನಾಯಿತು ಎಂಬುದನ್ನು ಕಣ್ಣಾರೆ ಕಂಡವರಿಗೆ ಏರಿಕೆ ಅಚ್ಚರಿಯೆನಿಸದು. ಇದರ ಜೊತೆಗೆ ಕಾಂಗ್ರೆಸ್ ಗಿಡ. 1950ರ ದಶಕದಲ್ಲಿ ಪುಣೆಯಲ್ಲಿ ಮೊದಲು ಕಾಣಿಸಿಕೊಂಡ, ಅಮೆರಿಕದ ಗೋಧಿಯ ಜೊತೆ ಬಂತೆಂದು ಎಲ್ಲರೂ ಹೇಳುವ ಪಾರ್ಥೇನಿಯಂ. ಮುಟ್ಟಿದವರಿಗೆ ತುರಿಕೆ, ಮೂಸಿದವರಿಗೆ ಸೀನು. 1984ರಲ್ಲಿ ಇದನ್ನು ತಿನ್ನುವ ಮೆಕ್ಸಿಕೋದ ಜೀರುಂಡೆಯನ್ನು ತರಿಸಿ ಬೆಂಗಳೂರಿನಲ್ಲಿ ಬಿಟ್ಟರು. ಜೀರುಂಡೆ ತಿನ್ನುತ್ತಿದೆ, ಗಿಡವೂ ಬೆಳೆಯುತ್ತಿದೆ. ಹೂವಿನ ಮೇಲಿನ ದೂರು ಪೂರ್ತಿ ನಿಜವಾದ ಒಂದು ಪ್ರಕರಣವಾದರೂ ನಮಗೆ ಸಿಕ್ಕಿತಲ್ಲ!

ಆಹಾರದ ಅಲರ್ಜಿಯ ವಿಷಯದಲ್ಲಿ ಇನ್ನೂ ದೊಡ್ಡ ಪಲ್ಲಟವಾಗಿದೆ. ಅಲರ್ಜಿಯ ಸಾಧ್ಯತೆಯಿರುವ ಮಕ್ಕಳಿಗೆ ಮೂರು ವರ್ಷದವರೆಗೆ ಕಡಲೆಕಾಯಿ ಕೊಡಬೇಡಿ ಎಂದು ಅಮೆರಿಕದ ಮಕ್ಕಳ ವೈದ್ಯರ ಸಂಘ 2000ದಲ್ಲಿ ಹೇಳಿತ್ತು. ಲಂಡನ್ನಿನ ಗಿಡಿಯನ್ ಲ್ಯಾಕ್ ತಂಡ, ಬ್ರಿಟನ್ನಿನ ಯಹೂದಿ ಮಕ್ಕಳಲ್ಲಿ ಕಡಲೆಕಾಯಿ ಅಲರ್ಜಿ ಇಸ್ರೇಲಿನ ಮಕ್ಕಳಿಗಿಂತ ಹತ್ತು ಪಟ್ಟು ಹೆಚ್ಚಿರುವುದನ್ನು ಕಂಡಿತು. ಇಸ್ರೇಲಿನಲ್ಲಿ ಹಸುಗೂಸುಗಳೂ ಕಡಲೆಕಾಯಿಯ ಕುರುಕಲು ಚೀಪುತ್ತವೆ. 640 ಕೂಸುಗಳ ಮೇಲೆ ನಡೆಸಿ 2015ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕಡಲೆಕಾಯಿಯಿಂದ ದೂರವಿಟ್ಟ ಮಕ್ಕಳಲ್ಲಿ ಐದು ವರ್ಷದ ಹೊತ್ತಿಗೆ ಶೇ. 17ರಷ್ಟು ಮಂದಿಗೆ ಅಲರ್ಜಿಯಾದರೆ ಮೊದಲಿನಿಂದ ತಿನ್ನಿಸಿದವರಲ್ಲಿ ಶೇ. 3 ಮಾತ್ರ. ಕಾಪಾಡಲೆಂದು ದೂರವಿಟ್ಟದ್ದೇ ಕಾಯಿಲೆಗೆ ದಾರಿಯಾಗಿತ್ತು. ಕಡಲೆಕಾಯಿ ಪರಿಷೆ ನಡೆಸುವ ನಾಡಿನವರಾದ ನಮಗೆ ಇದು ನಗುವ ವಿಷಯದಂತೆ ಕಂಡೀತು. ಆದರೆ ಮಗುವಿಗೆ ಒಮ್ಮೆ ಅಲರ್ಜಿ ಬಂದ ಮೇಲೆ ಮನೆಯಲ್ಲಿ ತಿನ್ನಿಸಿ ಪಳಗಿಸುವುದು ಪ್ರಾಣಾಪಾಯದ ಆಟ.

ಐಜಿಇಯನ್ನೇ ಹಿಡಿದು ಕಟ್ಟಿಹಾಕುವ ಒಮಾಲಿಝುಮಾಬ್ ಎಂಬ ಚುಚ್ಚುಮದ್ದಿಗೆ ಅಮೆರಿಕದಲ್ಲಿ 2003ರಲ್ಲಿ ತೀವ್ರ ಅಸ್ತಮಾಕ್ಕಾಗಿ, 2024ರಲ್ಲಿ ಆಹಾರದ ಅಲರ್ಜಿಗಾಗಿ ಅನುಮತಿ ದೊರೆಯಿತು. ಅದರ ಹಿಂದೆಯೇ ಡುಪಿಲುಮಾಬ್, ಟೆಝೆಪೆಲುಮಾಬ್ ಎಂದು ನಾಲಗೆ ತಿರುಗದ ಹೆಸರಿನವು ಒಂದೊಂದಾಗಿ ಬಂದಿವೆ. ಬೇರೆ ಯಾವುದಕ್ಕೂ ಬಗ್ಗದ ಉಬ್ಬಸಕ್ಕೆ ಇವು ನಿಜವಾದ ಆಸರೆ. ಬೆಲೆ ಮಾತ್ರ ನಮ್ಮ ಸಾಮಾನ್ಯ ಮನೆಗಳ ಬಾಗಿಲಿಗೆ ಬರುವಂಥದ್ದಲ್ಲ.

ಆದರೆ ನಮ್ಮಲ್ಲಿ ಸಾಯುವವರು ಈ ಚುಚ್ಚುಮದ್ದು ಸಿಗದೆ ಸಾಯುವವರಲ್ಲ. 2019ರ ಜಾಗತಿಕ ಅಂದಾಜುಗಳ ಪ್ರಕಾರ ಪ್ರಪಂಚದ ಅಸ್ತಮಾ ಹೊರೆಯಲ್ಲಿ ಭಾರತದ ಪಾಲು ಸುಮಾರು ಶೇ. 13. ಅಸ್ತಮಾ ಸಾವುಗಳಲ್ಲಿ ನಮ್ಮ ಪಾಲು ಶೇ. 40ನ್ನೂ ಮೀರುತ್ತದೆ. ಅರ್ಧ ಶತಮಾನದಷ್ಟು ಹಳೆಯ, ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿರುವ ಇನ್‌ಹೇಲರು ಬೇಕಾದವರ ಕೈಗೆ ಬಾರದಿರುವುದು ಇದಕ್ಕೆ ದೊಡ್ಡ ಕಾರಣ. ಬಂದರೂ ಬಾಯಿಗೆ ಹೋಗುವುದಿಲ್ಲ. ಒಮ್ಮೆ ಹಿಡಿದರೆ ಚಟವಾಗುತ್ತದೆ ಎಂಬ ಹೆದರಿಕೆ, ಮಾತ್ರೆಗಿಂತ ಅದು ಜೋರು ಎಂಬ ತಪ್ಪು ಎಣಿಕೆ. ನಿಜ ಅದಕ್ಕೆ ವಿರುದ್ಧ: ಮಾತ್ರೆಯ ಸ್ಟಿರಾಯ್ಡು ಮೈಯೆಲ್ಲ ಸುತ್ತುತ್ತದೆ, ಇನ್‌ಹೇಲರಿನದು ಅತಿ ಕಡಿಮೆ ಪ್ರಮಾಣದಲ್ಲಿ ನೇರ ಎದೆಗೆ ಇಳಿಯುತ್ತದೆ. ಮೃಗಶಿರಾ ಮಳೆಯ ಹೊತ್ತಿಗೆ ಹೈದರಾಬಾದಿನಲ್ಲಿ ಜೀವಂತ ಮೀನಿನ ಬಾಯಲ್ಲಿ ಮದ್ದಿಟ್ಟು ನುಂಗಿಸುವ ಕಡೆಗೆ ನಮ್ಮ ಕಡೆಯಿಂದಲೂ ಜನ ರೈಲು ಹತ್ತುತ್ತಾರೆ. ಅಲ್ಲಿ ಸಾವಿರಾರು ಜನರ ಮುಂದೆ ಬಾಯಿ ತೆರೆಯಲು ನಾಚಿಕೆಯಿಲ್ಲ. ಹೆಣ್ಣು ನೋಡಲು ಬರುವ ದಿನ ಮಾತ್ರ ಹುಡುಗಿಯ ಇನ್‌ಹೇಲರು ಬೀರುವಿನ ಬಟ್ಟೆಗಳ ಅಡಿಗೆ ಹೋಗುತ್ತದೆ.

ರಮಝಾನಿನಲ್ಲಿ ಈ ಪ್ರಶ್ನೆ ಇನ್ನಷ್ಟು ಬಿಗಿಯಾಗುತ್ತದೆ. ಇನ್‌ಹೇಲರಿನಿಂದ ಉಪವಾಸ ಮುರಿಯುವುದಿಲ್ಲ ಎಂದು ಸೌದಿಯ ಶೇಖ್ ಇಬ್ನ್ ಬಾಝ್‌ರಂಥವರು ಹೇಳಿದ್ದಾರೆ. ನಮ್ಮ ಉಪಖಂಡದ ಹನಫಿ ಉಲಮಾಗಳಲ್ಲಿ ಬಹಳ ಮಂದಿ ಮುರಿಯುತ್ತದೆ ಎನ್ನುತ್ತಾರೆ. ಆದರೆ ರೋಗಿಗೆ ಉಪವಾಸ ಬಿಟ್ಟು ಬೇರೆ ದಿನಗಳಲ್ಲಿ ತೀರಿಸುವ ರಿಯಾಯಿತಿ ಕುರ್‌ಆನಿನಲ್ಲೇ ಇರುವುದರಿಂದ ಆ ವಿಷಯದಲ್ಲಿ ಭಿನ್ನಮತವಿಲ್ಲ. ದಿನಕ್ಕೆರಡು ಸಲ ಎಳೆಯುವ ಸ್ಟಿರಾಯ್ಡ್ ಇನ್‌ಹೇಲರನ್ನು ಸಹರಿಗೊಮ್ಮೆ ಇಫ್ತಾರಿಗೊಮ್ಮೆ ಹೊಂದಿಸಿಕೊಳ್ಳಲು ವೈದ್ಯರನ್ನು ಕೇಳಬಹುದು, ಕೇಳಬೇಕಾದದ್ದು ಶಅಬಾನ್ ತಿಂಗಳಲ್ಲೇ. ಹಗಲಿನಲ್ಲಿ ಉಬ್ಬಸ ಎದ್ದಾಗ ಮಾತ್ರ, ಯಾರ ಅಭಿಪ್ರಾಯ ಯಾವುದೇ ಇರಲಿ, ಇನ್‌ಹೇಲರು ಬಾಯಿಗೇ ಹೋಗಬೇಕು.